ಅರ್ಜುನಪ್ಪನ ಮೊದಲ ಸೌದಾ

ಅರ್ಜುನಪ್ಪ ಮುಗದನ ಕೈ ನೋಡಿದವರೆಲ್ಲ ಇವನು ಪೆನ್ನು ಹಿಡಿಯಲಿಕ್ಕೇ ಹುಟ್ಟಿದವನು ಅನ್ನುತ್ತಿದ್ದರು. ಉದ್ದನೆಯ ತೆಳ್ಳಗಿನ ಬೆರಳು, ಸ್ವಚ್ಛವಾಗಿ ಕತ್ತರಿಸಿದ ಉಗುರು. ಆದರೆ ಅವನಿಗೆ ಪೆನ್ನಿನ ನೌಕರಿ ಬೇಡವಾಗಿತ್ತು. ಹುಬ್ಬಳ್ಳಿಯ ಮೆಣಸಿನಕಾಯಿ ಓಣಿಯಲ್ಲಿ ತನ್ನದೊಂದು ಅಂಗಡಿ ಇರಬೇಕು, ಅದರ ಗಾದಿಯ ಮೇಲೆ ತಾನು ಕೂಡಬೇಕು, ಇದೊಂದೇ ಅವನ ಹಂಬಲ. ಅದಕ್ಕಾಗಿಯೇ ಅವನು ೧೯೫೯ರಲ್ಲಿ ಬಿ.ಕಾಂ. ಓದಲು ಕಾಲೇಜಿಗೆ ಹೆಸರು ಹಚ್ಚಿದ. ಅದೇ ದಿನ ಅದೇ ಸಾಲಿನಲ್ಲಿ ನಾನೂ ನಿಂತಿದ್ದೆ. ನಮ್ಮಪ್ಪ ಶಿದ್ದಪ್ಪನವರು ಅದೇ ಓಣಿಯ ಹಳೇ ದಲಾಲರು. ನಾನು ಅಂಗಡಿಯಿಂದ ತಪ್ಪಿಸಿಕೊಳ್ಳಲು ಕಾಲೇಜಿಗೆ ಬಂದವನು, ಅವನು ಅಂಗಡಿಗೆ ಹೋಗಲು ಕಾಲೇಜಿಗೆ ಬಂದವನು. ಯಾರಾದರೂ ಪುಣ್ಯಾತ್ಮರು ಅಂದೇ ನಮ್ಮಿಬ್ಬರನ್ನು ಅದಲುಬದಲು ಮಾಡಿದ್ದರೆ ಎರಡೂ ಮನೆಯವರು ನೆಮ್ಮದಿಯಿಂದ ಇರುತ್ತಿದ್ದರು.

ಅವನ ಅಪ್ಪ ಗಿರಿಯಪ್ಪ ಸ್ವಂತ ಹಳ್ಳಿ ಮುಗದ ಬಿಟ್ಟು ಬಂದು ರೇಲ್ವೆ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಮನೆ ಗೋಪನಕೊಪ್ಪದಲ್ಲಿ. ಮುಗದದಲ್ಲಿ ಅವರದು ಊರ ಹೊರಗಿನ ಕೇರಿ. ಆ ಹೊತ್ತಿಗೆ ಅವರು ಬೌದ್ಧರಾಗಿದ್ದರು, ಪಡಸಾಲೆಯಲ್ಲಿ ಬುದ್ಧನ ಪಟ ಹಾಕಿದ್ದರು. ಊರಿನವರ ಬಾಯಲ್ಲಿ ಮಾತ್ರ ಅವರು ಹರಿಜನರಾಗಿಯೇ ಉಳಿದಿದ್ದರು. ಮಗ ಪದವಿ ಮುಗಿಸಿ ಸರ್ಕಾರಿ ಕಚೇರಿಯಲ್ಲಿ ಫ್ಯಾನಿನ ಕೆಳಗೆ ಕೂಡಲಿ ಎಂಬುದು ತಾಯಿ ಶೇವಂತೆವ್ವನ ಆಸೆ. ಅರ್ಜುನಪ್ಪ ಆ ಮಾತು ಬಂದಾಗೆಲ್ಲ ನಕ್ಕು ಸುಮ್ಮನಾಗುತ್ತಿದ್ದ. ನೌಕರಿ ಕೊಡುವವನು ಮೇಲಿರುತ್ತಾನೆ, ಮಾಡುವವನು ಕೆಳಗಿರುತ್ತಾನೆ, ವ್ಯಾಪಾರದಲ್ಲಿ ಕೊಡುವವನೂ ಕೊಳ್ಳುವವನೂ ಎದುರುಬದುರು ಕೂಡುತ್ತಾರೆ ಎಂದು ನನ್ನ ಮುಂದೆ ಹೇಳುತ್ತಿದ್ದ. ಎದುರುಬದುರು ಕೂಡುವುದು ಅವನಿಗೆ ಅಷ್ಟು ದೊಡ್ಡದೆಂದು ನನಗೆ ಆಗ ತಿಳಿದಿರಲಿಲ್ಲ.

ಆ ಕಾಲದಲ್ಲಿ ಬಿ.ಎ. ಮಾಡಿದವನು ಮಾಸ್ತರನಾಗುತ್ತಾನೆ, ಕಾನೂನು ಓದಿದವನು ವಕೀಲನಾಗುತ್ತಾನೆ ಅಂತ ಎಲ್ಲರಿಗೂ ಗೊತ್ತು. ಬಿ.ಕಾಂ. ಮಾಡಿದವನು ಏನಾಗುತ್ತಾನೆ ಎಂಬುದು ನಮ್ಮ ಕಾಲೇಜಿನವರಿಗೂ ಖಾತ್ರಿ ಇದ್ದಂತೆ ಕಾಣಲಿಲ್ಲ. ನಮ್ಮಪ್ಪನಿಗಂತೂ ವ್ಯಾಪಾರವನ್ನು ಹಲಗೆಯ ಮೇಲೆ ಬರೆದು ಕಲಿಸುತ್ತಾರೆ ಎಂದರೆ ನಗೆ. ನಮಗೆ ವ್ಯವಹಾರ ಆಡಳಿತ ಎಂಬ ಪೇಪರ್ ಕಲಿಸುತ್ತಿದ್ದವರು ತೊರಗಲ್ ಸರ್. ಬಿಸಿಲಿರಲಿ ಮಳೆಯಿರಲಿ ಕರೀ ಕೋಟು ಹಾಕಿ ಬರುವ ಒಳ್ಳೆಯ ಮನುಷ್ಯ. ಆಯುಷ್ಯದಲ್ಲಿ ಒಂದು ಕಿಲೋ ಬೆಲ್ಲವನ್ನೂ ಚೌಕಾಸಿ ಮಾಡಿ ತಂದವರಲ್ಲ. ಮಾರುಕಟ್ಟೆ ನೀನು ಯಾರು ಅಂತ ಕೇಳುವುದಿಲ್ಲ, ನಿನ್ನ ದರ ಎಷ್ಟು ಅಂತ ಮಾತ್ರ ಕೇಳುತ್ತದೆ ಎಂದು ಒಂದು ದಿನ ಅವರು ಪಾಠದ ನಡುವೆ ಹೇಳಿದರು. ನಾನು ಆಕಳಿಸಿದೆ. ಅರ್ಜುನಪ್ಪ ಬರೆಯುವುದನ್ನೇ ನಿಲ್ಲಿಸಿ ಸರ್ ಮುಖ ನೋಡುತ್ತ ಕೂತುಬಿಟ್ಟ.

ಕೊನೆಯ ವರ್ಷ ಪ್ರತಿಯೊಬ್ಬ ವಿದ್ಯಾರ್ಥಿಯೂ ಒಂದು ಪೇಟೆಯಲ್ಲಿ ಕೂತು ಅಲ್ಲಿನ ವ್ಯವಹಾರ ಅಭ್ಯಾಸ ಮಾಡಬೇಕಿತ್ತು. ನಾನು ಸೋಮಾರಿ, ಅವನು ಶ್ರಮಜೀವಿ. ಅವನನ್ನು ನಮ್ಮ ಅಂಗಡಿಗೆ ಕರೆದೊಯ್ದರೆ ಇಬ್ಬರ ಅಭ್ಯಾಸದ ವರದಿಯನ್ನೂ ಅವನೊಬ್ಬನೇ ಬರೆದುಕೊಡುತ್ತಾನೆ ಎಂಬ ಲೆಕ್ಕದಿಂದ ಕರೆದೊಯ್ದೆ. ಅಪ್ಪ ಅವನಿಗೆ ಯಾವೂರು ಅಂದರು, ಮುಗದ ಅಂದ. ನಿಮ್ಮಪ್ಪ ಏನು ಮಾಡುತ್ತಾರೆ ಅಂದರು, ರೇಲ್ವೆಯಲ್ಲಿದ್ದಾರೆ ಅಂದ. ಹುಬ್ಬಳ್ಳಿಯಲ್ಲಿ ಅರ್ಧ ಊರು ರೇಲ್ವೆಯಲ್ಲಿದೆ. ಅಷ್ಟಕ್ಕೇ ವಿಚಾರಣೆ ಮುಗಿಯಿತು. ಅವನು ಏನನ್ನೂ ಮುಚ್ಚಿಡಲಿಲ್ಲ. ಕೇಳಿದ್ದರೆ ಹೇಳುತ್ತಿದ್ದ, ಯಾರೂ ಕೇಳಲಿಲ್ಲ.

ಮೆಣಸಿನಕಾಯಿ ಓಣಿಯಲ್ಲಿ ದರವನ್ನು ಬಾಯಲ್ಲಿ ಹೇಳುವ ರೂಢಿ ಇರಲಿಲ್ಲ. ಮಾಲಿನ ರಾಶಿಯ ಮುಂದೆ ಕೊಳ್ಳುವವನೂ ದಲಾಲನೂ ಕೂಡುವರು. ಹೆಗಲ ಮೇಲಿನ ವಲ್ಲಿ ಬಟ್ಟೆ ತೆಗೆದು ಇಬ್ಬರ ಬಲಗೈಗಳ ಮೇಲೆ ಹೊದಿಸುವರು. ಒಳಗೆ ಬೆರಳಿಗೆ ಬೆರಳೇ ಮಾತಾಡಬೇಕು. ಎಷ್ಟು ಬೆರಳು ಹಿಡಿದರೆ ಅಷ್ಟು, ಗೆಣ್ಣು ಒತ್ತಿದರೆ ಅರ್ಧ, ಅಂಗೈ ತೀಡಿದರೆ ಬೇಡ. ಹೊರಗೆ ಇಬ್ಬರೂ ಹವೆಯ ಬಗ್ಗೆ, ಮಕ್ಕಳ ಮದುವೆಯ ಬಗ್ಗೆ ಮಾತಾಡುತ್ತಿರುವರು. ಕೊನೆಗೆ ದಲಾಲ ಎದುರಿನವನ ಬೆರಳುಗಳನ್ನು ತನ್ನ ಮುಷ್ಟಿಯಲ್ಲಿ ಮುಚ್ಚಿದರೆ ಸೌದಾ ಮುಗಿಯಿತು. ಹಾಗೆ ಕೊಟ್ಟ ಕೈಯನ್ನು ಹಿಂದೆ ತೆಗೆದುಕೊಂಡವನಿಗೆ ಆ ಓಣಿಯಲ್ಲಿ ಮರುದಿನ ಕೂಡಲು ಜಾಗ ಸಿಗುತ್ತಿರಲಿಲ್ಲ. ಇಂಥ ಗುಪ್ತ ಸೌದಾ ಮಾಡಬಾರದೆಂದು ಸರ್ಕಾರ ಓಣಿಯ ಬಾಯಿಗೆ ಒಂದು ಬೋರ್ಡು ಹಾಕಿ ವರ್ಷಗಳೇ ಆಗಿದ್ದವು. ಅದರ ಮೇಲೆ ಕಾಗೆ ಕೂಡುತ್ತಿದ್ದವು.

ನಮ್ಮಪ್ಪನಿಗೆ ಆ ವರ್ಷ ಸಂಧಿವಾತ ಜೋರಾಗಿ ಬೆರಳಿನ ಗೆಣ್ಣುಗಳೆಲ್ಲ ಬಾತಿದ್ದವು. ಯಾರಾದರೂ ಗೆಣ್ಣು ಒತ್ತಿದರೆ ಪ್ರಾಣ ಹೋದಂತಾಗುತ್ತಿತ್ತು. ನಾನು ವಲ್ಲಿಯೊಳಗೆ ಕೈ ಹಾಕಿದರೆ ಒಳಗೆ ನಡೆಯುವುದೆಲ್ಲ ನನ್ನ ಮುಖದ ಮೇಲೆ ಕಾಣುತ್ತದೆ ಎಂದು ಎಂದೋ ನನ್ನನ್ನು ಬದಿಗೆ ಸರಿಸಿದ್ದರು. ಮೂಲೆಯಲ್ಲಿ ಕೂತು ನೋಡುತ್ತಿದ್ದ ಅರ್ಜುನಪ್ಪನನ್ನು ಒಮ್ಮೆ ಕರೆದು ಕೂಡಿಸಿದರು. ಅವನ ಬೆರಳು ಯಾರನ್ನೂ ನೋಯಿಸಲಿಲ್ಲ, ಮುಖ ಏನನ್ನೂ ಬಿಟ್ಟುಕೊಡಲಿಲ್ಲ. ಕೊಳ್ಳಲು ಬಂದವರು ಮೋಸವೂ ಹೋಗಲಿಲ್ಲ. ವಾರ ಕಳೆಯುವಷ್ಟರಲ್ಲಿ ನಮ್ಮ ಅಂಗಡಿಯ ಕೈ ಅರ್ಜುನಪ್ಪನದೇ ಆಯಿತು. ದೊಡ್ಡ ಗಿರಾಕಿ ಖಾದರಬಾಷಾ ಸಾವಕಾರರಂತೂ ಬಂದವರೇ ಆ ಹುಡುಗ ಎಲ್ಲಿ ಅಂತ ಕೇಳುವರು. ಸುಗ್ಗಿ ಪೂರ್ತಿ ಓಣಿಯ ದೊಡ್ಡ ದೊಡ್ಡವರೆಲ್ಲ ಅವನ ಕೈ ಹಿಡಿದರು. ನಾನು ಅದನ್ನು ನೋಡಿ ಒಳಗೊಳಗೇ ಕುಣಿಯುತ್ತಿದ್ದೆ. ತೊರಗಲ್ ಸರ್ ಹೇಳಿದ್ದು ಖರೇ ಆಗಿಬಿಟ್ಟಿತಲ್ಲ ಅನ್ನಿಸುತ್ತಿತ್ತು.

ಓಣಿಗೆ ಹೊಸ ದಲಾಲ ಬರಬೇಕಾದರೆ ಒಂದು ಪದ್ಧತಿ. ಹಳಬನೊಬ್ಬ ಎಲ್ಲರ ಎದುರು ಅವನೊಡನೆ ವಲ್ಲಿಯೊಳಗೆ ಮೊದಲ ಸೌದಾ ಮಾಡಬೇಕು. ಅದಾದರೆ ಅವನು ಓಣಿಯವನು, ಮಾಲು ಮಾರಿದ ಮೇಲೆ ದುಡ್ಡು ಕೊಡುವ ಸವಲತ್ತೂ ಅವನಿಗೆ ಸಿಗುತ್ತದೆ. ಅದಾಗದಿದ್ದರೆ ಲೈಸನ್ಸು ಹಿಡಿದು ನಿಂತರೂ ಯಾರೂ ಅವನಿಗೆ ಮಾಲು ಕೊಡರು. ಅರ್ಜುನಪ್ಪ ಕೇಳಲಿಲ್ಲ, ಅವನಾಗಿ ಕೇಳುವವನೂ ಅಲ್ಲ. ಒಂದು ಸಂಜೆ ಅಂಗಡಿ ಮುಚ್ಚುವಾಗ ಅಪ್ಪನೇ ಹೇಳಿದರು.

"ಪರೀಕ್ಷಾ ಮುಗೀಲಿ ತಮ್ಮಾ. ಓಣ್ಯಾಗ ನಿನ್ನ ಮೊದಲ ಸೌದಾಕ್ಕ ನಾನ ಕೈ ಕೊಡ್ತೀನಿ."

ಅರ್ಜುನಪ್ಪ ಅಂದು ಗೋಪನಕೊಪ್ಪದ ತನಕ ಸೈಕಲ್ ಹತ್ತದೆ ಅದನ್ನು ತಳ್ಳಿಕೊಂಡೇ ಹೋದ. ಹತ್ತಿದರೆ ಲಗೂ ಮನೆ ಮುಟ್ಟುತ್ತೇನೆ, ಇನ್ನಷ್ಟು ಹೊತ್ತು ಈ ಮಾತು ನನ್ನೊಬ್ಬನದೇ ಇರಲಿ ಅಂದ. ಅವನು ಅಷ್ಟು ಸಂತೋಷದಲ್ಲಿದ್ದದ್ದನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ.

ಸುಗ್ಗಿಯ ಕೊನೆಗೆ ಮೆಣಸಿನಕಾಯಿ ತೊಟ್ಟು ಮುರಿಯುವ ಕೆಲಸಕ್ಕೆ ಮುಗದದಿಂದ ಹೆಣ್ಣಾಳುಗಳು ಬಂದರು. ಅವರಲ್ಲಿ ಅರ್ಜುನಪ್ಪನ ಸೋದರತ್ತೆ ಗುಡ್ಡವ್ವನೂ ಇದ್ದಳು. ಅವಳನ್ನೂ ಅವಳ ಕೇರಿಯವರನ್ನೂ ಅಂಗಳದ ಆಚೆ ತುದಿಗೆ ಕೂಡಿಸಿ, ಕುಡಿಯುವ ನೀರನ್ನು ಮೇಲಿನಿಂದ ಬೊಗಸೆಗೆ ಹಾಕುತ್ತಿದ್ದರು. ಅಂದು ಖಾದರಬಾಷಾ ಸಾವಕಾರರು ಸೌದಾ ಮುಗಿಸಿ, ಈ ಹುಡುಗನಂಥ ಕೈ ಹುಬ್ಬಳ್ಳಿಯಲ್ಲೇ ಇಲ್ಲ ಅಂತ ನಾಲ್ಕು ಜನರ ಮುಂದೆ ಹೊಗಳಿದರು. ನಾಲ್ವರೂ ಹೌದು ಹೌದು ಅಂದರು. ದೂರದಿಂದ ಗುಡ್ಡವ್ವ ಇದನ್ನು ಕೇಳಿದಳು. ಮನೆಯ ಮಗನನ್ನು ಇಷ್ಟು ಜನ ಒಮ್ಮೆಗೇ ಹೊಗಳಿದರೆ ಯಾವ ಅತ್ತೆಗಾದರೂ ಭಯವಾಗುತ್ತದೆ. ಎದ್ದವಳೇ ರಾಶಿಯಿಂದ ಒಂದು ಹಿಡಿ ಮೆಣಸಿನಕಾಯಿ ತೆಗೆದುಕೊಂಡು ನಮ್ಮ ಅಂಗಡಿಯ ಕಟ್ಟೆ ಹತ್ತಿ ಬಂದಳು. ಅರ್ಜುನಪ್ಪನ ಮುಖಕ್ಕೆ ಸುತ್ತ ನಿವಾಳಿಸಿ ಥೂ ಥೂ ಅಂದಳು. ತಲೆ ನೇವರಿಸಿ ಲಟಿಕೆ ಮುರಿದಳು.

"ನಮ್ಮ ಅಣ್ಣ ಗಿರಿಯಪ್ಪನ ಮಗಾ ರೀ ಇಂವಾ. ಎಲ್ಲಾರ ಕಣ್ಣೂ ಇವನ ಕೈ ಮ್ಯಾಲೇ ಬಿದ್ದಾವು."

ಹೇಳಿ ಆ ಮೆಣಸಿನಕಾಯಿಯನ್ನು ಎದುರಿನ ಚಹಾದಂಗಡಿಯ ಒಲೆಗೆ ಹಾಕಲು ಇಳಿದು ಹೋದಳು. ಅವಳ ಮುಖದ ಮೇಲೆ ಎಂಥ ಹೆಮ್ಮೆ. ತನ್ನಿಂದ ಏನಾಯಿತೆಂಬುದು ಅವಳಿಗೆ ಹೊಳೆಯಲೇ ಇಲ್ಲ. ಹೊಗಳಿದ ನಾಲ್ವರೂ ತಮ್ಮ ತಮ್ಮ ಬಲಗೈ ನೋಡಿಕೊಂಡರು.

ಬೈಗುಳ ಬೀಳುತ್ತದೆ, ಹೊಡೆದಾಟವೂ ಆದೀತು ಅಂತ ನಾನು ಅಂದುಕೊಂಡಿದ್ದೆ. ಏನೂ ಆಗಲಿಲ್ಲ. ಅಪ್ಪ ಮೆಲ್ಲಗೆ, ಪರೀಕ್ಷೆ ಹತ್ತಿರ ಬಂತಲ್ಲ, ಮನೆಗೆ ಹೋಗಿ ಓದಿಕೋ ಎಂದು ಅರ್ಜುನಪ್ಪನನ್ನು ಕಳಿಸಿದರು. ಎಂದಿನದೇ ಮೃದುವಾದ ದನಿ. ಮರುದಿನ ಬೆಳಿಗ್ಗೆ ಖಾದರಬಾಷಾ ಸಾವಕಾರರು ಬಂದು ಎಂದಿನಂತೆ ವಲ್ಲಿ ಬಿಚ್ಚಿದರು. ಅಪ್ಪ ಕೈ ಚಾಚಲಿಲ್ಲ.

"ಬಾಯಿಲೇ ಹೇಳ್ರಿ ಸಾವಕಾರ. ಇನ್ನ ಮ್ಯಾಲೆ ನಾವು ಬಾಯಿಲೇ ಮಾಡೂಣು."

ಸಾವಕಾರರು ಅಪ್ಪನ ಮುಖವನ್ನೂ ಅಕ್ಕಪಕ್ಕದ ಅಂಗಡಿಗಳನ್ನೂ ನೋಡಿದರು. ಆಮೇಲೆ ವಲ್ಲಿ ಮಡಚಿ ಹೆಗಲಿಗೆ ಹಾಕಿ ದರ ಹೇಳಿದರು. ಪಕ್ಕದ ಅಂಗಡಿಯವನೂ ಬಾಯಲ್ಲೇ ಹೇಳಿದ, ಅದರ ಪಕ್ಕದವನೂ. ಮಧ್ಯಾಹ್ನದ ಹೊತ್ತಿಗೆ ಓಣಿಯೆಲ್ಲ ದರ ಕೂಗುತ್ತಿತ್ತು. ನಾನು ಬೆಪ್ಪಾಗಿ ಕಿವಿಗೊಟ್ಟೆ. ಈ ಜನವನ್ನು ನಾನು ಬಲ್ಲೆ. ಹಿತ್ತಾಳೆಯ ತಕ್ಕಡಿ ಬಿಟ್ಟು ಹೊಸ ಕಾಟಾ ತರಿಸಿರೆಂದರೆ ಅಜ್ಜನ ಕಾಲದ್ದು ಅಂತ ವರ್ಷಗಟ್ಟಲೆ ಜಗಳವಾಡಿದವರು. ಸರ್ಕಾರ ಬೋರ್ಡು ಹಾಕಿದರೂ ಬಗ್ಗದವರು. ಅಂಥವರು ತಲೆತಲಾಂತರದ ರೂಢಿಯನ್ನು ಒಂದೇ ಮುಂಜಾನೆಯಲ್ಲಿ ಬಿಟ್ಟುಬಿಟ್ಟರು.

ರಾತ್ರಿ ಊಟಕ್ಕೆ ಕೂತಾಗ ನಾನು ಅಪ್ಪನ ಮೇಲೆ ಹಾರಾಡಿದೆ. ಅವ್ವ ರೇಣವ್ವ ಬೇಡ ಬೇಡ ಅಂತ ಕಣ್ಣು ಮಾಡಿದರೂ ಬಿಡಲಿಲ್ಲ. ಅಪ್ಪ ರೊಟ್ಟಿ ಮುರಿಯುತ್ತಲೇ ಉತ್ತರ ಕೊಟ್ಟರು.

"ಅವನ ಕೈ ಹಿಡದ ಕೈಲೆ ಎಲ್ಲಾರೂ ಎಲ್ಲಾರ ಕೈ ಹಿಡದೇವಿ. ಕಾರಣ ಬಾಯಿಬಿಟ್ಟರ ಓಣಿಗೆ ಓಣಿನ ಹೊಲಸಾತು ಅಂತಾರ. ಕಾಲ ಬದಲಾತು ಅಂದರ ಯಾರೂ ಏನೂ ಕೇಳೂದಿಲ್ಲ."

ಇಷ್ಟು ಅಚ್ಚುಕಟ್ಟಾದ ಯೋಜನೆಯನ್ನು ನಮ್ಮ ವ್ಯವಹಾರ ಆಡಳಿತದ ಪುಸ್ತಕದಲ್ಲಿ ನಾನು ಓದಿರಲಿಲ್ಲ. ಯಾರೂ ಯಾರಿಗೂ ಬೈಯಲಿಲ್ಲ, ಸಭೆ ಸೇರಲಿಲ್ಲ. ಓಣಿಯ ಮರ್ಯಾದೆ ಉಳಿಯಿತು. ವಲ್ಲಿ ಹೋದದ್ದರಿಂದ ಹೊಸಬನಿಗೆ ಕೈ ಕೊಡುವ ಪದ್ಧತಿಯೂ ಹೋಯಿತು. ಅಪ್ಪ ಮಾತಿಗೆ ತಪ್ಪಿದರೆಂದು ಯಾರೂ ಹೇಳುವಂತಿಲ್ಲ, ಆ ಮಾತು ನಡೆಸುವ ಜಾಗವೇ ಇಲ್ಲವಾಗಿತ್ತು. ಅರ್ಜುನಪ್ಪನ ಅಂಗಡಿಯ ಬಾಗಿಲು ಹೀಗೆ ಸದ್ದಿಲ್ಲದೆ ಮುಚ್ಚಿತು.

ಗೋಪನಕೊಪ್ಪಕ್ಕೆ ಹೋದೆ. ಗುಡ್ಡವ್ವ ಮೂಲೆಯಲ್ಲಿ ಕೂತು ಅಳುತ್ತಿದ್ದಳು. ದೃಷ್ಟಿ ತೆಗೆಯುವುದು ತಡವಾಯಿತು, ಆಗಲೇ ತಗುಲಿಬಿಟ್ಟಿತ್ತು ಎಂಬುದು ಅವಳ ದುಃಖ. ಅರ್ಜುನಪ್ಪ ಅವಳಿಗೆ ಚಹಾ ಮಾಡಿ ಕೊಟ್ಟು ಹೊರಗೆ ಬಂದ. ಸಿಟ್ಟಿನಿಂದ ನಾಲ್ಕು ಮಾತು ಆಡುತ್ತಾನೆ, ನಾನೂ ಆಡಿ ಹಗುರಾಗುತ್ತೇನೆ ಅಂತ ಕಾದೆ. ತೊರಗಲ್ ಸರ್ ಹೇಳಿದ್ದು ಸುಳ್ಳಲ್ಲ, ಪೇಟೆ ನನ್ನನ್ನು ಯಾರು ಅಂತ ಕೇಳಲಿಲ್ಲ, ಅತ್ತೆ ತಾನಾಗಿ ಹೇಳಿದಳು ಅಂದ. ನಗಲು ನೋಡಿದ, ಆಗಲಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ಇದು ಎಲ್ಲ ಊರಿನಲ್ಲೂ ನಡೆಯುವ ಕತೆ. ಮುಂದಿನದು ಕೇಳಿ. ಸರ್ಕಾರದ ಮಾರುಕಟ್ಟೆ ಅಧಿಕಾರಿಯೊಬ್ಬರು ಓಣಿಗೆ ಬಂದರು. ಎಲ್ಲರೂ ಬಹಿರಂಗವಾಗಿ ದರ ಕೂಗುವುದನ್ನು ನೋಡಿ ಆನಂದದಿಂದ ಏನು ಮಾಡಬೇಕೋ ತಿಳಿಯದೆ ಎರಡು ಕಪ್ಪು ಚಹಾ ಕುಡಿದರು. ಸುದ್ದಿ ತೊರಗಲ್ ಸರ್ ಕಿವಿಗೆ ಬಿತ್ತು. ಅವರು ನಮ್ಮ ತರಗತಿಯನ್ನೇ ಕರೆತಂದು ತೋರಿಸಿದರು. ಮುಚ್ಚಿದ ಮಾರುಕಟ್ಟೆ ತೆರೆಯಿತು, ಇನ್ನು ಯಾರು ಬೇಕಾದರೂ ಬಂದು ವ್ಯಾಪಾರ ಮಾಡಬಹುದು ಎಂದು ಓಣಿಯ ನಡುವೆ ನಿಂತು ಪಾಠ ಹೇಳಿದರು. ಇದನ್ನು ಮೊದಲು ಶುರು ಮಾಡಿದವರು ಯಾರು ಅಂತ ಕೇಳಿದ್ದಕ್ಕೆ ಎಲ್ಲರೂ ನಮ್ಮಪ್ಪನ ಕಡೆ ಕೈ ತೋರಿದರು. ಹುಡುಗರ ಗುಂಪಿನ ಹಿಂದೆ ಅರ್ಜುನಪ್ಪ ನಿಂತು ಕೇಳುತ್ತಿದ್ದ. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಕಾಲೇಜಿನ ವಾಣಿಜ್ಯ ಸಂಘದ ವಾರ್ಷಿಕ ದಿನದಂದು ಪ್ರಗತಿಪರ ವ್ಯಾಪಾರಿ ಶಿದ್ದಪ್ಪನವರಿಗೆ ಸನ್ಮಾನ ಎಂದು ತೀರ್ಮಾನವಾಯಿತು. ಅತಿಥಿಯನ್ನು ಪರಿಚಯಿಸಿ ಶಾಲು ಹೊದಿಸುವ ಕೆಲಸ ತರಗತಿಯ ಜಾಣ ವಿದ್ಯಾರ್ಥಿ ಅರ್ಜುನಪ್ಪನಿಗೆ. ತೊರಗಲ್ ಸರ್‌ಗೆ ಪಾಪ ಏನೂ ಗೊತ್ತಿಲ್ಲ. ಅದೇ ಅಂಗಡಿಯಲ್ಲಿ ಅಭ್ಯಾಸ ಮಾಡಿದ ಹುಡುಗ, ಅವನೇ ಯೋಗ್ಯ ಅಂದುಕೊಂಡರು. ನೀನು ಒಲ್ಲೆ ಅನ್ನು, ನಾನು ಮಾಡುತ್ತೇನೆ ಎಂದು ಅರ್ಜುನಪ್ಪನಿಗೆ ಹೇಳಿದೆ. ಅವನು ಕೇಳಲಿಲ್ಲ. ವೇದಿಕೆಯ ಮೇಲೆ ಎಲ್ಲವನ್ನೂ ಹೇಳಿಬಿಡುತ್ತೀಯಾ ಅಂದೆ. ಹೇಳಿದರೆ ಏನಾಗುತ್ತದೆ, ನನಗೆ ಬೇಕಾದ್ದು ಅಂಗಡಿ, ಜಗಳವಲ್ಲ ಅಂದ.

ಅಂದು ಸಭಾಗೃಹ ಕಿಕ್ಕಿರಿದಿತ್ತು. ಮುಂದಿನ ಸಾಲಿನಲ್ಲಿ ಓಣಿಯ ವ್ಯಾಪಾರಿಗಳೆಲ್ಲ ಇಸ್ತ್ರಿ ಮಾಡಿದ ಧೋತರ ಉಟ್ಟು ಕೂತಿದ್ದರು. ಅಪ್ಪ ವೇದಿಕೆಯ ನಡುವಿನ ಕುರ್ಚಿಯಲ್ಲಿ. ನಾನು ಹಾರದ ತಟ್ಟೆ ಹಿಡಿದು ಪಕ್ಕದಲ್ಲೇ ನಿಂತಿದ್ದೆ. ಅರ್ಜುನಪ್ಪ ಚಿಕ್ಕದಾಗಿ ಚೊಕ್ಕದಾಗಿ ಪರಿಚಯ ಮಾಡಿದ. ಒಂದು ಕುಹಕದ ಮಾತಿಲ್ಲ. ಶಾಲು ಹಿಡಿದು ಅವನು ಹತ್ತಿರ ಬಂದಾಗ ಅಪ್ಪನ ಬೆನ್ನು ಸೆಟೆಯಿತು. ಇಷ್ಟು ಜನರ ಎದುರು ಬೇಡ ಅನ್ನುವಂತಿಲ್ಲ. ಅವನು ಮೈಗೆ ಬೆರಳೂ ತಾಗದಂತೆ ಶಾಲು ಹೊದಿಸಿದ. ಅಪ್ಪ ಉಸಿರು ಬಿಟ್ಟರು. ಆಗ ಅರ್ಜುನಪ್ಪ ಶಾಲಿನ ತುದಿಯನ್ನು ಮುಂದಕ್ಕೆ ಎಳೆದು ಅಪ್ಪನ ಬಲಗೈ ಮೇಲೆ ಹಾಕಿದ. ತನ್ನ ಕೈಯನ್ನು ಅದರೊಳಗೆ ಇಟ್ಟ. ಅಪ್ಪನಿಗೂ ಮುಂದಿನ ಸಾಲಿನವರಿಗೂ ಕೇಳುವಷ್ಟು ದನಿಯಲ್ಲಿ ಬಾಗಿ ಹೇಳಿದ.

"ಕಟ್ಟಿ ಮ್ಯಾಲಿನ ಮಾಲರೀ. ದರಾ ಹೇಳ್ತೇನಿ."

ನನ್ನ ಕೈಯಲ್ಲಿನ ತಟ್ಟೆ ವಾಲಿ ಹಾರ ಜಾರಿತು. ತೊರಗಲ್ ಸರ್ ಮೈಕಿನ ಮುಂದೆ ಓಡಿ, ನೋಡಿ ನೋಡಿ, ಹಳೆಯ ಪದ್ಧತಿಯ ಪ್ರಾತ್ಯಕ್ಷಿಕೆ ನಡೆಯುತ್ತಿದೆ ಎಂದು ಘೋಷಿಸಿದರು. ಹುಡುಗರು ಚಪ್ಪಾಳೆ ಹೊಡೆದರು, ಸಿಳ್ಳೆ ಹಾಕಿದರು. ಮುಂದಿನ ಸಾಲಿನವರು ಮಾತ್ರ ಕಲ್ಲಾಗಿ ಕೂತಿದ್ದರು. ಖಾದರಬಾಷಾ ಸಾವಕಾರರು ಎದ್ದು ನಿಂತುಬಿಟ್ಟಿದ್ದರು. ಇದು ಆಟವಲ್ಲವೆಂದು ಅವರಿಗೆ ಗೊತ್ತು. ಮಾಲಿನ ಹೆಸರು ಹೇಳಿ ಕೈ ಹಿಡಿದರೆ ಅದು ಸೌದಾ, ಎಲ್ಲಿ ಹಿಡಿದರೂ ಸೌದಾ.

ಅಪ್ಪ ಕೈ ಕಿತ್ತುಕೊಳ್ಳುತ್ತಾರೆ ಎಂದು ನಾನು ಅಂದುಕೊಂಡೆ. ಕಿತ್ತುಕೊಳ್ಳಲಿಲ್ಲ. ಅವರ ಕಣ್ಣು ಅರ್ಧ ಮುಚ್ಚಿದವು. ಗದ್ದ ಒಂದಿಷ್ಟು ಮೇಲೆ ಹೋಯಿತು. ಅಂಗಡಿಯಲ್ಲಿ ದರದ ಲೆಕ್ಕ ಹಾಕುವಾಗ ಮಾತ್ರ ಕಾಣುವ ಮುಖ ಅದು. ಜೀವಮಾನವೆಲ್ಲ ಬೆರಳಿಗೆ ಬೆರಳಿನಿಂದಲೇ ಉತ್ತರ ಕೊಟ್ಟ ಕೈ, ಯಜಮಾನನ ಅಪ್ಪಣೆ ಕೇಳದೆ ಉತ್ತರ ಕೊಡುತ್ತಿತ್ತು. ಶಾಲಿನೊಳಗೆ ಒಮ್ಮೆ ಅಲುಗಾಡಿತು, ಇನ್ನೊಮ್ಮೆ ಅಲುಗಾಡಿತು. ಆಮೇಲೆ ಅಪ್ಪನ ಹೆಗಲು ಮೇಲಿನಿಂದ ಕೆಳಕ್ಕೆ ಬಿಗಿಯಿತು. ಮುಷ್ಟಿ ಮುಚ್ಚಿದ ಬಿಗಿ. ನಾನು ಹುಟ್ಟಿದಾಗಿನಿಂದ ನೋಡಿದ್ದೇನೆ, ಅದರಲ್ಲಿ ನಾನು ತಪ್ಪಲಾರೆ. ಅರ್ಜುನಪ್ಪ ಕೈ ಹೊರಗೆ ತೆಗೆದು, ನಮಸ್ಕಾರ ಮಾಡಿ, ವೇದಿಕೆ ಇಳಿದು ಹೋದ. ಸಭೆ ಇನ್ನೂ ಚಪ್ಪಾಳೆ ತಟ್ಟುತ್ತಲೇ ಇತ್ತು.

ಟಾಂಗಾದಲ್ಲಿ ಮನೆಗೆ ಬರುವಾಗ ಅಪ್ಪ ಬಲಗೈಯನ್ನು ತೊಡೆಯ ಮೇಲೆ ಅಂಗೈ ಮೇಲಾಗಿ ಇಟ್ಟುಕೊಂಡಿದ್ದರು. ಸೌದಾ ಆಗಲೇ ಇಲ್ಲ, ಅದು ಹುಡುಗರಿಗೆ ತೋರಿಸಿದ ಆಟ ಎಂದು ಅವರು ಅಂದುಬಿಟ್ಟರೆ ಸಾಕು, ತೊರಗಲ್ ಸರ್ ಮೈಕಿನಲ್ಲಿ ಹಾಗೇ ಹೇಳಿದ್ದಾರೆ, ಓಣಿಯವರು ಸಂತೋಷದಿಂದ ಹೌದು ಅನ್ನುತ್ತಾರೆ. ಅಷ್ಟು ಸಲೀಸಾದ ದಾರಿ ತೆರೆದೇ ಇತ್ತು. ಅರ್ಜುನಪ್ಪನ ಅಂಗಡಿ ಅಪ್ಪನ ಆ ಒಂದು ಮಾತಿನ ಮೇಲೆ ನಿಂತಿತ್ತು.

ಮನೆ ಮುಟ್ಟಿದ ಮೇಲೆ ಅಪ್ಪ ಒಳಗೆ ಬರಲಿಲ್ಲ. ಅಂಗಳದಲ್ಲೇ ನಿಂತು ಶಾಲು ತೆಗೆದು ತುಳಸಿ ಕಟ್ಟೆಯ ಆಚೆ ಎಸೆದರು. ನೀರು ತಾ ಅಂದರು. ಅವ್ವ ಗಾಬರಿಯಾಗಿ ಕೊಡ ತಂದಳು. ಟೊಪ್ಪಿಗೆ, ಕೋಟು, ಧೋತರ ಯಾವುದನ್ನೂ ಬಿಚ್ಚದೆ ತಲೆಯ ಮೇಲೆ ಸುರಿದುಕೊಂಡರು. ಇನ್ನೊಂದು ಕೊಡ ಕೇಳಿದರು. ಬಲಗೈಯನ್ನು ಬೂದಿ ಹಚ್ಚಿ ಪಾತ್ರೆ ತಿಕ್ಕಿದ ಹಾಗೆ ತಿಕ್ಕಿದರು. ಬಾತ ಗೆಣ್ಣುಗಳು ನೋಯುತ್ತಿದ್ದಿರಬೇಕು, ಕಣ್ಣಲ್ಲಿ ನೀರು ಬಂದಿತ್ತು. ಸನ್ಮಾನದ ಕುಂಕುಮ ಕರಗಿ ಮೂಗಿನ ಮೇಲೆ ಇಳಿಯುತ್ತಿತ್ತು. ನನಗೆ ಸಿಟ್ಟು ಬಂತು, ಹೇಸಿಗೆಯಾಯಿತು, ನನ್ನನ್ನು ಹೆಗಲ ಮೇಲೆ ಹೊತ್ತು ತಿರುಗಿದ ಮನುಷ್ಯ ಇವರೇನಾ ಅನ್ನಿಸಿತು. ಏನೋ ಅನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಅವರು, ಮೈಯಿಂದ ನೀರು ಸೋರುತ್ತಿರುವಾಗಲೇ, ನನ್ನ ಕಡೆ ತಿರುಗಿದರು.

"ಗಾಡಿ ಹೂಡಸು. ಕಟ್ಟಿ ಮ್ಯಾಲಿನ ಮಾಲು ಗೋಪನಕೊಪ್ಪಕ್ಕ ಹೋಗಲಿ. ಕೈ ಕೊಟ್ಟೀನಿ."

ಅಂದು ಮುಂಜಾನೆಯಿಂದ ಕಂಡದ್ದೆಲ್ಲ ಒಂದು ತೂಕ, ಇದೊಂದು ತೂಕ. ಮುಟ್ಟಿದ್ದನ್ನು ತೊಳೆದುಕೊಂಡ ಮನುಷ್ಯ, ಮುಟ್ಟಿ ಕೊಟ್ಟ ಮಾತನ್ನು ಹಾಗೇ ಇಟ್ಟುಕೊಂಡಿದ್ದರು. ಎರಡೂ ಒಂದೇ ಮೈಯಲ್ಲಿ ಹೇಗೆ ಇರುತ್ತವೆ ಎಂದು ನನಗೆ ಅಂದೂ ತಿಳಿಯಲಿಲ್ಲ, ಈಗಲೂ ತಿಳಿದಿಲ್ಲ. ಅವರು ಒದ್ದೆ ಧೋತರದಲ್ಲೇ ದೇವರ ಕೋಣೆಗೆ ಹೋದರು.

ಚೀಲ ಹೇರಿಸಿ ನಾನೇ ಗಾಡಿಯ ಜೊತೆ ನಡೆದೆ. ಓಣಿಯವರು ತಮ್ಮ ತಮ್ಮ ಕಟ್ಟೆಯ ಮೇಲೆ ನಿಂತು ನೋಡಿದರು, ಯಾರೂ ತಡೆಯಲಿಲ್ಲ. ಶಿದ್ದಪ್ಪನವರ ಕಟ್ಟೆಯ ಮಾಲು ಯಾರ ಮನೆಗೆ ಹೊರಟಿದೆ ಎಂಬುದು ಅವರಿಗೆಲ್ಲ ಗೊತ್ತಿತ್ತು. ಖಾದರಬಾಷಾ ಸಾವಕಾರರು ಗಾಡಿಯವನಿಗೆ ಹುಷಾರಾಗಿ ಹೋಗೆಂದು ಹೇಳಿದರು.

ಗೋಪನಕೊಪ್ಪದಲ್ಲಿ ಗಾಡಿ ನಿಂತ ಸದ್ದಿಗೆ ಅರ್ಜುನಪ್ಪ ಹೊರಗೆ ಬಂದ. ಅವನ ಹಿಂದೆ ಶೇವಂತೆವ್ವ, ಗುಡ್ಡವ್ವ. ಅವನು ಚೀಲಗಳನ್ನು ನೋಡಿದ, ನನ್ನನ್ನು ನೋಡಿದ. ಮಾಲು ಬರುತ್ತದೆ ಎಂಬ ನಂಬಿಕೆ ಅವನಿಗೂ ಇರಲಿಲ್ಲವೆಂದು ಮುಖವೇ ಹೇಳಿತು.

"ಅಪ್ಪಾರು ಏನಂದ್ರು?"

"ಕೈ ಕೊಟ್ಟೀನಿ ಅಂದ್ರು."

"ಅಷ್ಟ?"

ಅಷ್ಟೇ ಅಂದುಬಿಡಬಹುದಿತ್ತು. ಆದರೆ ಅವನು ನನ್ನ ಮುಖ ನೋಡುತ್ತಿದ್ದ. ನನ್ನ ಮುಖದ ಮೇಲೆ ಎಲ್ಲವೂ ಕಾಣುತ್ತದೆ ಎಂದು ಅಪ್ಪ ಸುಮ್ಮನೆ ಹೇಳುತ್ತಿರಲಿಲ್ಲ.

"ಜಳಕಾ ಮಾಡಿದ್ರು. ಕೋಟು ಧೋತರ ಸುದ್ದಾ."

ಗುಡ್ಡವ್ವ ಬಾಯಿಗೆ ಸೆರಗು ಒತ್ತಿಕೊಂಡಳು. ಶೇವಂತೆವ್ವ, ಗಾಡಿ ತಿರುಗಿಸು, ನಮಗೆ ಈ ಮಾಲು ಬೇಡ ಅಂದಳು. ನನಗೂ ಹಾಗೇ ಅನ್ನಿಸಿ ಎತ್ತಿನ ಹಗ್ಗಕ್ಕೆ ಕೈ ಹಾಕಿದೆ. ಅರ್ಜುನಪ್ಪ ಹತ್ತಿರ ಬಂದು ನನ್ನನ್ನೇ ಕೇಳಿದ.

"ಯಾವದು ಮೊದಲ? ಜಳಕಾನೋ, ಮಾತೋ?"

"ಜಳಕಾ."

ಅವನು ಚೀಲದ ಮೇಲೆ ಕೈ ಇಟ್ಟ.

"ಹಂಗಾರ ಇಳಸು. ತೊಳಕೊಂಡ ಮ್ಯಾಲೂ ಸೌದಾ ಉಳದೈತಿ."

ಚೀಲದ ಒಂದು ತುದಿಯನ್ನು ಅವನು ಹಿಡಿದ, ಇನ್ನೊಂದನ್ನು ನಾನು ಹಿಡಿದೆ.